ಮಾರಾಟದ ಪಾಠಕ್ಕೆ ದೂರ ಹೋಗಬೇಕಿಲ್ಲ

ಪದವಿ ಪರೀಕ್ಷೆಗಳ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ಪುತ್ತೂರು, ಸುಳ್ಯ, ಕಡಬ ಭಾಗದ ಪರಿಚಯಸ್ಥರು ನನ್ನಲ್ಲಿ ಕೇಳುವ ಪ್ರಶ್ನೆ ಬಹುತೇಕ ಒಂದೇ: ‘ಮಗ ಎಂಬಿಎಯಲ್ಲಿ ಮಾರ್ಕೆಟಿಂಗ್ ತೆಗೆದುಕೊಳ್ಳುತ್ತೇನೆ ಎನ್ನುತ್ತಾನೆ. ಅದರಲ್ಲಿ ಭವಿಷ್ಯವಿದೆಯೇ?’ ಈ ಪ್ರಶ್ನೆಯ ಹಿಂದೆ ಬಾಯಿಬಿಟ್ಟು ಕೇಳದ ಇನ್ನೊಂದು ಪ್ರಶ್ನೆ ಇರುತ್ತದೆ. ಇಷ್ಟೆಲ್ಲ ಓದಿಸಿದ್ದು ಸಾಬೂನು, ಬಿಸ್ಕತ್ತು ಮಾರಿಸುವುದಕ್ಕೋ ಎಂಬುದು ಆ ಪ್ರಶ್ನೆ. ವೈದ್ಯನಾದ ಮಗನ ಬಗ್ಗೆ, ಸಾಫ್ಟ್‌ವೇರ್ ಕಂಪನಿ ಸೇರಿದ ಮಗಳ ಬಗ್ಗೆ ಮದುವೆ ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುವವರು, ಮಾರಾಟದ ಕೆಲಸದಲ್ಲಿರುವ ಮಕ್ಕಳ ವಿಷಯ ಬಂದಾಗ ‘ಒಂದು ಕಂಪನಿಯಲ್ಲಿದ್ದಾನೆ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ.

ಮೂರು ದಶಕಗಳ ಕಾಲ ಅದೇ ಕೆಲಸ ಮಾಡಿ, ಮಾರಾಟ ಪ್ರತಿನಿಧಿಯಿಂದ ಮಾರುಕಟ್ಟೆ ವ್ಯವಸ್ಥಾಪಕನ ಹುದ್ದೆಯವರೆಗೆ ಹೋಗಿ, ಈಗ ಊರಿನ ತೋಟಕ್ಕೆ ಮರಳಿರುವ ನನಗೆ ಈ ಸಂಕೋಚ ವಿಚಿತ್ರವಾಗಿ ಕಾಣುತ್ತದೆ. ಏಕೆಂದರೆ, ಬೆಳೆಯುವುದು ಗೊತ್ತಿದ್ದು ಮಾರುವುದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಂತ ಖರ್ಚಿನಲ್ಲಿ ಕಲಿತ ಪ್ರದೇಶವಿದ್ದರೆ ಅದು ನಮ್ಮದೇ.

ಅಂಗಳದ ಬೆಲೆ, ಪೇಟೆಯ ಬೆಲೆ

ಅಡಿಕೆ ವಿಚಿತ್ರವಾದ ಬೆಳೆ. ಅದನ್ನು ಬೆಳೆಯುವವನು ಸುಳ್ಯದ ಕಣಿವೆಯಲ್ಲಿದ್ದಾನೆ, ತಿನ್ನುವವನು ಗುಜರಾತಿನಲ್ಲೋ ಉತ್ತರ ಪ್ರದೇಶದಲ್ಲೋ ಇದ್ದಾನೆ. ಬೆಳೆದವನಿಗೆ ತಿನ್ನುವವನ ಮುಖ ಪರಿಚಯವಿಲ್ಲ. ಅಂಗಳದಲ್ಲಿ ನಲವತ್ತು ದಿನ ಬಿಸಿಲಿಗೆ ಒಣಗಿಸಿ, ಸುಲಿದು, ಗೋಣಿಗೆ ತುಂಬಿದ ಚಾಲಿ ಅಡಿಕೆಯನ್ನು ಹಿಂದಿನವರು ಪೇಟೆಗೆ ಒಯ್ದು ವ್ಯಾಪಾರಿಯ ಮುಂದಿಡುತ್ತಿದ್ದರು. ಯಾವುದು ಪಟೋರ, ಯಾವುದು ಉಳ್ಳಿ, ಯಾವುದು ಕರಿಗೋಟು ಎಂದು ವಿಂಗಡಿಸುವವನೂ ವ್ಯಾಪಾರಿಯೇ, ಬೆಲೆ ಹೇಳುವವನೂ ಅವನೇ. ಮುಂಗಡ ಸಾಲ ಕೊಟ್ಟವನೂ ಅವನೇ ಆಗಿದ್ದರೆ ಬೆಳೆಗಾರನಿಗೆ ಬೇರೆ ದಾರಿಯೇ ಇರಲಿಲ್ಲ.

1970ರ ದಶಕದ ಆರಂಭದಲ್ಲಿ ಅಡಿಕೆಯ ಬೆಲೆ ನೆಲ ಕಚ್ಚಿದಾಗ ಈ ವ್ಯವಸ್ಥೆಯ ದೌರ್ಬಲ್ಯ ಬಯಲಾಯಿತು. ತೋಟ ಚೆನ್ನಾಗಿತ್ತು, ಫಸಲೂ ಇತ್ತು. ಆದರೆ ಮಾರುವ ದಾರಿ ಬೆಳೆಗಾರನ ಕೈಯಲ್ಲಿ ಇರಲಿಲ್ಲ. ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಜಂಟಿ ಸಹಕಾರಿ ಸಂಸ್ಥೆಯಾಗಿ ಕ್ಯಾಂಪ್ಕೊ ಹುಟ್ಟಿದ್ದು ಇಂಥ ಸಂದರ್ಭದಲ್ಲಿ. ಗುಜರಾತಿನ ಹಾಲು ಉತ್ಪಾದಕರ ಮಾರಾಟ ಮಹಾಮಂಡಳವೂ ಅದೇ ವರ್ಷ ಸ್ಥಾಪನೆಯಾಯಿತೆಂಬುದು ಗಮನಾರ್ಹ. ಅಮುಲ್‌ನ ಕಥೆ ಆಡಳಿತ ನಿರ್ವಹಣೆಯ ತರಗತಿಗಳಲ್ಲೆಲ್ಲ ಪಾಠವಾಗಿದೆ. ಕ್ಯಾಂಪ್ಕೊದ ಕಥೆಯನ್ನು ಪುತ್ತೂರಿನ ವಾಣಿಜ್ಯ ವಿದ್ಯಾರ್ಥಿಗಳೇ ಸರಿಯಾಗಿ ಓದಿಲ್ಲ.

ಆ ಸಂಸ್ಥೆಯ ಮೊದಲ ಸಾಧನೆಯನ್ನು ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ಅದು ಬೆಲೆಯನ್ನು ಬಹಿರಂಗಗೊಳಿಸಿತು. ಖರೀದಿ ಕೇಂದ್ರಗಳನ್ನು ತೆರೆಯಿತು, ಗುಣಮಟ್ಟಕ್ಕೆ ತಕ್ಕ ದರ ಪ್ರಕಟಿಸಿತು, ಉತ್ತರ ಭಾರತದ ಊರುಗಳಲ್ಲಿ ತನ್ನದೇ ಮಾರಾಟ ವ್ಯವಸ್ಥೆ ಕಟ್ಟಿಕೊಂಡಿತು. ಕ್ಯಾಂಪ್ಕೊದ ದರ ಇಂದು ಇಷ್ಟು ಎಂದು ಗೊತ್ತಾದ ಮೇಲೆ ಖಾಸಗಿ ವ್ಯಾಪಾರಿಯೂ ಅದರ ಆಸುಪಾಸಿನಲ್ಲೇ ದರ ಹೇಳಬೇಕಾಯಿತು. ಅಡಿಕೆಯನ್ನು ಸಂಘಕ್ಕೆ ಹಾಕದವನಿಗೂ ಅದರ ಪ್ರಯೋಜನ ಸಿಕ್ಕಿತು. ಇಂದು ಒಂದು ಲಕ್ಷಕ್ಕೂ ಅಧಿಕ ಸದಸ್ಯರಿರುವ ಆ ಸಂಸ್ಥೆಯ ಬಗ್ಗೆ ಟೀಕೆಗಳು ಇಲ್ಲವೆಂದಲ್ಲ. ಆದರೂ ಬೆಳಿಗ್ಗೆ ಪತ್ರಿಕೆ ತೆರೆದೊಡನೆ ಧಾರಣೆಯ ಅಂಕಣ ನೋಡುವ ಅಭ್ಯಾಸ ನಮ್ಮ ಬೆಳೆಗಾರರಲ್ಲಿ ಬೇರೂರಿದ್ದರ ಹಿಂದೆ ಇದರ ಪಾತ್ರ ದೊಡ್ಡದು. ಮಾರುಕಟ್ಟೆಯ ಕೆಲಸವೆಂದರೆ ಜಾಹೀರಾತು ಎಂದು ತಿಳಿದಿರುವ ತರುಣರು ಮೊದಲು ಅರಿಯಬೇಕಾದದ್ದು ಇದನ್ನೇ. ಬೇಡಿಕೆ ಎಲ್ಲಿದೆ, ಬೆಲೆ ಹೇಗೆ ನಿಗದಿಯಾಗುತ್ತದೆ, ನಡುವೆ ಯಾರು ಯಾರು ಇದ್ದಾರೆ ಎಂಬ ತಿಳಿವಳಿಕೆ ಈ ವೃತ್ತಿಯ ತಳಪಾಯ.

ಕೊಕ್ಕೊ ಕಲಿಸಿದ್ದು

ಎರಡನೆಯ ಪಾಠ ಕೊಕ್ಕೊ ಬೆಳೆಯದು. ಕ್ಯಾಡ್‌ಬರಿ ಕಂಪನಿಯ ಉತ್ತೇಜನದಿಂದ ಅಡಿಕೆ ತೋಟಗಳ ನಡುವೆ ಉಪಬೆಳೆಯಾಗಿ ಕೊಕ್ಕೊ ಹಬ್ಬಿತು. 1980ರ ಆಸುಪಾಸಿನಲ್ಲಿ ಅಂತರರಾಷ್ಟ್ರೀಯ ಬೆಲೆ ಕುಸಿದು ಖರೀದಿದಾರರು ಹಿಂದೆ ಸರಿದಾಗ ಬೆಳೆಗಾರ ಮತ್ತೆ ನಡುನೀರಿನಲ್ಲಿ ನಿಂತ. ಹಲವರು ಗಿಡಗಳನ್ನೇ ಕಡಿದು ಹಾಕಿದರು. ಕ್ಯಾಂಪ್ಕೊ ಖರೀದಿಗೆ ಇಳಿಯಿತು. ಆದರೆ ಖರೀದಿಸಿದ ಬೀಜವನ್ನು ಯಾರಿಗೆ ಮಾರುವುದು? ಈ ಪ್ರಶ್ನೆಗೆ ಕಂಡುಕೊಂಡ ಉತ್ತರವೇ ಪುತ್ತೂರಿನ ಕೆಮ್ಮಿಂಜೆಯ ಚಾಕೊಲೇಟ್ ಕಾರ್ಖಾನೆ. 1986ರಲ್ಲಿ ಅಂದಿನ ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಅದನ್ನು ಉದ್ಘಾಟಿಸಿದರು.

ಕಾರ್ಖಾನೆ ಕಟ್ಟುವುದು ಕಷ್ಟ, ಅದರಿಂದ ಹೊರಬಂದದ್ದನ್ನು ಅಂಗಡಿಯ ಕಪಾಟಿಗೆ ತಲುಪಿಸುವುದು ಇನ್ನೂ ಕಷ್ಟ. ಬಹುರಾಷ್ಟ್ರೀಯ ಕಂಪನಿಗಳ ಹೊಳೆಯುವ ಕಾಗದದ ಪಕ್ಕದಲ್ಲಿ ರೈತರ ಸಂಸ್ಥೆಯ ಚಾಕೊಲೇಟ್ ಕುಳಿತುಕೊಳ್ಳಬೇಕು. ಬೇಸಿಗೆಯಲ್ಲಿ ಕಲಬುರಗಿಯ ಅಂಗಡಿಯಲ್ಲಿ ಅದು ಕರಗಬಾರದು. ಫ್ರಿಜ್ ಇಲ್ಲದ ಗೂಡಂಗಡಿಯಲ್ಲೂ ಅದಕ್ಕೆ ಜಾಗ ಸಿಗಬೇಕು. ಭಾರತದಂಥ ದೇಶದಲ್ಲಿ ಚಾಕೊಲೇಟ್ ಬಾರ್‌ಗಿಂತ ಎಕ್ಲೇರ್‌ನಂತಹ ಮಿಠಾಯಿ ಹಳ್ಳಿಯ ಭರಣಿಯವರೆಗೆ ಸುಲಭವಾಗಿ ತಲುಪಲು ಇದೂ ಒಂದು ಕಾರಣ. ಕ್ಯಾಂಪ್ಕೊ ಬಾರ್ ಜತೆಗೆ ಮೆಲ್ಟೊ ಮಿಠಾಯಿಯೂ ಬಂತು, ವಿನ್ನರ್ ಎಂಬ ಪೇಯದ ಪುಡಿಯೂ ಬಂತು. ನೆಸ್ಲೆಯಂತಹ ಕಂಪನಿಗೂ ಇಲ್ಲಿ ಚಾಕೊಲೇಟ್ ತಯಾರಾಯಿತು. ತನ್ನ ಹೆಸರಿನಲ್ಲಿ ಮಾರುವುದು ಎಷ್ಟು, ಬೇರೆಯವರಿಗೆ ಮಾಡಿಕೊಡುವುದು ಎಷ್ಟು ಎಂಬ ಈ ಲೆಕ್ಕಾಚಾರ ಯಾವ ಮಾರುಕಟ್ಟೆ ವ್ಯವಸ್ಥಾಪಕನಿಗೂ ನಿದ್ದೆಗೆಡಿಸುವಂಥದ್ದು. ಯಂತ್ರ ಸುಮ್ಮನಿರಬಾರದು, ಹಾಗೆಂದು ಸ್ವಂತ ಹೆಸರೂ ಅಳಿಯಬಾರದು.

2024ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಫಸಲು ಕೈಕೊಟ್ಟು ಜಾಗತಿಕ ಮಾರುಕಟ್ಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿದಾಗ, ನಮ್ಮಲ್ಲಿ ಹಸಿ ಬೀಜದ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೇರಿತು. ಗಿಡ ಉಳಿಸಿಕೊಂಡವರು ಸಂತೋಷಪಟ್ಟರು. ಅದೇ ಹೊತ್ತಿಗೆ ಚಾಕೊಲೇಟ್ ಮಾಡುವವರಿಗೆ ಕಚ್ಚಾವಸ್ತುವೇ ದುಬಾರಿಯಾಯಿತು. ಘಾನಾದ ಮಳೆಗೂ ಕಡಬದ ಕೊಕ್ಕೊ ಕಾಯಿಗೂ ಸಂಬಂಧವಿದೆ ಎಂಬುದನ್ನು ಅರಿತವನು ಮಾತ್ರ ಇಂಥ ವರ್ಷಕ್ಕೆ ಮುಂಚಿತವಾಗಿ ಸಿದ್ಧನಾಗಬಲ್ಲ.

ಸಹಕಾರಿ ಸಂಸ್ಥೆಯ ಉದಾಹರಣೆ ಸಾಲದೆಂಬವರಿಗೆ ಖಾಸಗಿ ಉದಾಹರಣೆಯೂ ಹತ್ತಿರದಲ್ಲೇ ಇದೆ. ಸುಳ್ಯ ತಾಲ್ಲೂಕಿನ ಬೆಳ್ಳಾರೆಯಲ್ಲಿ ಆಟೊರಿಕ್ಷಾ ಓಡಿಸಿ ಬದುಕು ಆರಂಭಿಸಿದ ಸತ್ಯಶಂಕರ್ ಅವರು 2000ದಲ್ಲಿ ಪುತ್ತೂರಿನ ನರಿಮೊಗರಿನಿಂದ ‘ಬಿಂದು’ ಹೆಸರಿನಲ್ಲಿ ಕುಡಿಯುವ ನೀರನ್ನೂ 2002ರಲ್ಲಿ ಜೀರಾ ಮಸಾಲಾ ಪಾನೀಯವನ್ನೂ ಮಾರುಕಟ್ಟೆಗೆ ತಂದರು. ಕೋಲಾ ಕಂಪನಿಗಳೊಂದಿಗೆ ಕೋಲಾ ಮಾಡಿಯೇ ಸೆಣಸಲು ಹೊರಟಿದ್ದರೆ ಆ ಸಂಸ್ಥೆ ಎಷ್ಟು ದಿನ ಬಾಳುತ್ತಿತ್ತೋ ಗೊತ್ತಿಲ್ಲ. ಊಟವಾದ ಮೇಲೆ ಜೀರಿಗೆ ನೀರು ಕುಡಿಯುವ ಜನರ ನಾಲಿಗೆಗೆ ಪರಿಚಿತವಾದ ರುಚಿಯನ್ನೇ ಬಾಟಲಿಗೆ ತುಂಬಿದ್ದು ಅದರ ಬಲ. ಗ್ರಾಹಕನನ್ನು ಬಲ್ಲವನಿಗೆ ಬಂಡವಾಳದ ಕೊರತೆ ಸ್ವಲ್ಪಮಟ್ಟಿಗೆ ತುಂಬಿಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ವೃತ್ತಿಯ ಮೆಟ್ಟಿಲುಗಳು

ಹಾಗಿದ್ದರೆ ಈ ವೃತ್ತಿಯಲ್ಲಿ ಮೇಲೇರುವುದು ಹೇಗೆ? ಎಂಬಿಎ ಪದವಿ ಬಾಗಿಲು ತೆರೆಯುತ್ತದೆ, ಒಳಗೆ ನಡೆಸುವುದಿಲ್ಲ. ಮೊದಲ ಎರಡು ಮೂರು ವರ್ಷ ಮಾರಾಟ ಪ್ರತಿನಿಧಿಯಾಗಿ ಊರೂರು ಸುತ್ತುವ ಕೆಲಸವನ್ನು ಹಲವು ತರುಣರು ಶಿಕ್ಷೆಯೆಂದು ಭಾವಿಸಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ನನ್ನ ಅನುಭವದಲ್ಲಿ ಮುಂದೆ ಎತ್ತರಕ್ಕೆ ಹೋದವರೆಲ್ಲ ಆ ಸುತ್ತಾಟವನ್ನು ಮನಸ್ಸಿಟ್ಟು ಮಾಡಿದವರೇ. ಪ್ರತಿನಿಧಿಯಿಂದ ಪ್ರದೇಶದ ವ್ಯವಸ್ಥಾಪಕ, ಅಲ್ಲಿಂದ ಒಂದು ಉತ್ಪನ್ನದ ಹೊಣೆ, ಆಮೇಲೆ ಇಡೀ ಮಾರುಕಟ್ಟೆ ವಿಭಾಗದ ಹೊಣೆ ಎಂಬುದು ಸಾಮಾನ್ಯ ದಾರಿ. ಮೇಲೇರಿದಂತೆ ಗ್ರಾಹಕನಿಂದ ದೂರವಾಗುವ ಅಪಾಯವೂ ಇದೆ. ಅಂಕಿಅಂಶಗಳ ಪರದೆಯ ಮುಂದೆ ಕುಳಿತವನಿಗೆ ಅಂಗಡಿಯವನ ಮುಖ ಮರೆತುಹೋಗುತ್ತದೆ.

ನಾನು ಉದ್ಯೋಗದ ಮೊದಲ ವರ್ಷಗಳನ್ನು ಉತ್ತರ ಕರ್ನಾಟಕದಲ್ಲಿ ಕಳೆದೆ. ಹೊಸ ಉತ್ಪನ್ನವೊಂದನ್ನು ಹಿಡಿದು ಹುಬ್ಬಳ್ಳಿಯ ಹಿರಿಯ ಸಗಟು ವ್ಯಾಪಾರಿಯೊಬ್ಬರ ಅಂಗಡಿಗೆ ಹೋದಾಗ ಅವರು ನನ್ನ ವಿವರಣೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ‘ತಮ್ಮಾ, ನಿನ್ನ ಮಾಲು ಮುಂದಿನ ವಾರಾನೂ ಬರತೈತೇನು? ನೀ ಬರ್ತೀಯೇನು? ಎರಡೂ ಬರೂದಾದ್ರ ಇಳಸು’ ಎಂದರು. ವಿತರಣೆ ಮತ್ತು ವಿಶ್ವಾಸದ ಬಗ್ಗೆ ನಾನು ಓದಿದ್ದ ಅಧ್ಯಾಯಗಳ ಸಾರವೆಲ್ಲ ಆ ಮಾತಿನಲ್ಲಿತ್ತು.

ಈ ವಿಶ್ವಾಸವನ್ನು ಕೆಡಿಸುವ ಒತ್ತಡವೂ ವೃತ್ತಿಯ ಒಳಗೇ ಇದೆ ಎಂಬುದನ್ನು ಹೇಳದಿದ್ದರೆ ಹೊಸಬರಿಗೆ ಅನ್ಯಾಯವಾಗುತ್ತದೆ. ನಾನಿದ್ದ ಕಂಪನಿಯೊಂದರಲ್ಲಿ ತಿಂಗಳ ಕೊನೆಯ ವಾರ ಬಂತೆಂದರೆ ಗುರಿ ಮುಟ್ಟಿಸಲು ಬೇಡದ ಸರಕನ್ನು ವಿತರಕರ ಗೋದಾಮಿಗೆ ತುಂಬುವ ಪದ್ಧತಿಯಿತ್ತು. ಕಾಗದದ ಮೇಲೆ ಮಾರಾಟ ಏರುತ್ತಿತ್ತು. ಎರಡು ತಿಂಗಳ ನಂತರ ಅವಧಿ ಮೀರಿದ ಸರಕು ಹಿಂದಕ್ಕೆ ಬರುತ್ತಿತ್ತು. ಹೀಗೆ ತುಂಬಿ ಬಡ್ತಿ ಪಡೆದವರು ಬೇರೆ ಊರಿಗೆ ಹೋದ ಮೇಲೆ, ಅವರ ಜಾಗಕ್ಕೆ ಬಂದವರು ವರ್ಷಪೂರ್ತಿ ವಿತರಕರ ಬೈಗುಳ ತಿನ್ನಬೇಕಾಯಿತು. ಅಂಥ ಗುರಿಗಳಿಗೆ ಲಿಖಿತವಾಗಿ ಆಕ್ಷೇಪ ಸಲ್ಲಿಸಿದ್ದಕ್ಕೆ ನನ್ನ ಬಡ್ತಿ ಎರಡು ವರ್ಷ ತಡವಾಯಿತು. ಆದರೆ ಕೆಲಸ ಬದಲಿಸಿದಾಗ ನನ್ನ ಪರವಾಗಿ ಮಾತನಾಡಿದವರು ಆ ವಿತರಕರೇ. ಯಶಸ್ಸನ್ನು ತಿಂಗಳ ಲೆಕ್ಕದಲ್ಲಿ ಅಳೆಯುವವರು ಇದನ್ನು ಯೋಚಿಸಬೇಕು.

ನಮ್ಮ ಭಾಗದ ಮಕ್ಕಳಿಗೆ ಒಂದು ಹುಟ್ಟು ಬಂಡವಾಳವೂ ಇದೆ. ಪುತ್ತೂರಿನ ಸೋಮವಾರದ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ತುಳು, ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಭಾಷೆಗಳೆಲ್ಲ ಕಿವಿಗೆ ಬೀಳುತ್ತವೆ. ಸುಳ್ಯದ ಕಡೆ ಅರೆಭಾಷೆಯೂ ಸೇರುತ್ತದೆ. ಎದುರಿನವನ ಭಾಷೆಗೆ ಸಲೀಸಾಗಿ ಹೊರಳುವ ಈ ಅಭ್ಯಾಸವನ್ನು ಮಾರುಕಟ್ಟೆಯ ವೃತ್ತಿಯಲ್ಲಿ ಹಣ ಕೊಟ್ಟು ಕಲಿಯಲಾಗದು.

ಮಾರುವುದು ಏನನ್ನು?

ಇನ್ನೂ ಒಂದು ಪ್ರಶ್ನೆಯನ್ನು ಅಡಿಕೆ ನಾಡಿನವರು ತಪ್ಪಿಸಿಕೊಳ್ಳಲಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಬೆಳೆಗಾರರ ಸಂಘಟನೆಗಳು ಈ ವರ್ಗೀಕರಣವನ್ನು ಒಪ್ಪುವುದಿಲ್ಲ. ತಂಬಾಕು ಬೆರೆತದ್ದಕ್ಕೂ ಶುದ್ಧ ಅಡಿಕೆಗೂ ವ್ಯತ್ಯಾಸ ಮಾಡಬೇಕೆನ್ನುತ್ತವೆ. ಆದರೆ ಆ ವರ್ಗೀಕರಣ ತಂಬಾಕು ಇಲ್ಲದ ಅಡಿಕೆಗೂ ಅನ್ವಯಿಸುತ್ತದೆ ಎಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ವಿದೇಶಿ ಅಡಿಕೆಯನ್ನು ತಡೆಯಲು ಕನಿಷ್ಠ ಆಮದು ಬೆಲೆಯನ್ನು ಕೇಂದ್ರ ಸರ್ಕಾರ 2023ರಲ್ಲಿ ಕಿಲೋಗೆ 251 ರೂಪಾಯಿಯಿಂದ 351 ರೂಪಾಯಿಗೆ ಏರಿಸಿದ್ದು ಬೆಳೆಗಾರರಿಗೆ ನೆಮ್ಮದಿ ತಂದಿದೆ. ಆದರೆ ಆಮದು ಗೋಡೆ ಹೊರಗಿನ ಸರಕನ್ನು ತಡೆಯಬಹುದೇ ಹೊರತು ಒಳಗಿನ ಗ್ರಾಹಕ ದೂರ ಸರಿಯುವುದನ್ನು ತಡೆಯದು.

ಗ್ರಾಹಕನಿಗೆ ಒಳಿತಲ್ಲದ್ದನ್ನು ಜಾಣ್ಮೆಯಿಂದ ಮಾರುವುದು ಕೌಶಲ ಎನಿಸಬಹುದು, ಆದರೆ ಅದು ಒಂದು ಪ್ರದೇಶದ ಭವಿಷ್ಯಕ್ಕೆ ಆಧಾರವಾಗದು. ಎಪ್ಪತ್ತು–ಎಂಬತ್ತರ ದಶಕದ ಮುಂದಾಳುಗಳು ಅಡಿಕೆಯ ಜತೆಗೆ ಕೊಕ್ಕೊವನ್ನೂ ಹಿಡಿದದ್ದರಲ್ಲಿ ಈ ದೂರದೃಷ್ಟಿಯಿತ್ತು. ಈಗ ಆ ದೃಷ್ಟಿಯ ಅಗತ್ಯ ಇನ್ನೂ ಹೆಚ್ಚಾಗಿದೆ. ಸಂಪಾಜೆ, ಅರಂತೋಡು ಕಡೆಯ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಎಲೆಚುಕ್ಕಿ ರೋಗ ಹೊಸ ಭೀತಿ ತಂದಿದೆ. ಬೆಳೆಗಾರರು ಕಾಳುಮೆಣಸು, ರಾಂಬುಟಾನ್, ಮ್ಯಾಂಗೊಸ್ಟೀನ್, ಕಾಫಿ ಎಂದು ಹೊಸ ದಾರಿ ಹುಡುಕುತ್ತಿದ್ದಾರೆ. ಗಿಡ ನೆಡುವುದು ಹೇಗೆಂದು ಹೇಳಿಕೊಡಲು ನಮ್ಮಲ್ಲಿ ಸಂಸ್ಥೆಗಳಿಗೆ ಕೊರತೆಯಿಲ್ಲ. ವಿಟ್ಲದಲ್ಲೂ ಕಡಬ ತಾಲ್ಲೂಕಿನ ಕಿದುವಿನಲ್ಲೂ ತೋಟಗಾರಿಕೆ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಕೇಂದ್ರಗಳಿವೆ. ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ಆದರೆ ಬೆಳೆದದ್ದನ್ನು ಮಾರುವುದು ಹೇಗೆಂದು ಹೇಳಿಕೊಡುವವರು ಯಾರು? 1988ರಲ್ಲಿ ಪುತ್ತೂರಿನಿಂದ ಆರಂಭವಾದ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀಪಡ್ರೆಯವರು ಹಲಸಿನ ಮೌಲ್ಯವರ್ಧನೆಯ ಬಗ್ಗೆ ವರ್ಷಗಟ್ಟಲೆ ಬರೆದು ಜನರ ಕಣ್ಣು ತೆರೆಸಿದರು. ಅರಿವು ಮೂಡಿಸುವುದು ಪತ್ರಿಕೆಯ ಕೆಲಸ, ಸರಕನ್ನು ಬೆಂಗಳೂರಿನ ಅಂಗಡಿಗೆ ತಲುಪಿಸಿ ಹಣ ವಸೂಲು ಮಾಡುವುದು ಬೇರೆಯವರ ಕೆಲಸ. ಆ ‘ಬೇರೆಯವರು’ ಇಲ್ಲದ್ದರಿಂದ ಇಂದಿಗೂ ಜೂನ್ ತಿಂಗಳಲ್ಲಿ ನಮ್ಮ ಗುಡ್ಡಗಳಲ್ಲಿ ಹಲಸು ಬಿದ್ದು ಕೊಳೆಯುತ್ತದೆ.

ವಿಪರ್ಯಾಸವೆಂದರೆ, ಆ ಕೆಲಸ ಬಲ್ಲ ನಮ್ಮದೇ ಮಕ್ಕಳು ಬೆಂಗಳೂರು, ಪುಣೆಗಳಲ್ಲಿ ಬೇರೆಯವರ ಹಣ್ಣಿನ ರಸ ಮಾರುತ್ತಿದ್ದಾರೆ. ಅವರನ್ನು ದೂರಿ ಪ್ರಯೋಜನವಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ 10,000 ರೈತ ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಯೋಜನೆ ತಂದಾಗ ಒಂದೊಂದು ಸಂಸ್ಥೆಯ ಆಡಳಿತ ವೆಚ್ಚಕ್ಕೆ ಮೂರು ವರ್ಷಗಳಿಗೆ ಗರಿಷ್ಠ 18 ಲಕ್ಷ ರೂಪಾಯಿ ನೆರವು ನಿಗದಿಯಾಯಿತು. ಅಂದರೆ ತಿಂಗಳಿಗೆ 50 ಸಾವಿರ. ಅದರಲ್ಲಿ ವ್ಯವಸ್ಥಾಪಕನ ಸಂಬಳ, ಲೆಕ್ಕಿಗನ ಸಂಬಳ, ಕಚೇರಿ ಬಾಡಿಗೆ, ಓಡಾಟದ ಖರ್ಚು ಎಲ್ಲವೂ ನಡೆಯಬೇಕು. ಹತ್ತು ವರ್ಷ ಅನುಭವವಿರುವ ಮಾರುಕಟ್ಟೆ ತಜ್ಞ ಈ ಮೊತ್ತಕ್ಕೆ ಊರಿಗೆ ಬರುತ್ತಾನೆಂದು ನಿರೀಕ್ಷಿಸುವುದು ತಪ್ಪು.

ದಾರಿ ಇಲ್ಲವೆಂದಲ್ಲ. ಮೂರು ತಾಲ್ಲೂಕುಗಳ ಹತ್ತು ಕೃಷಿ ಪತ್ತಿನ ಸಹಕಾರಿ ಸಂಘಗಳು ಸೇರಿ ಒಬ್ಬ ನುರಿತ ಮಾರುಕಟ್ಟೆ ವ್ಯವಸ್ಥಾಪಕನನ್ನು ನೇಮಿಸಿಕೊಂಡರೆ, ಅರುವತ್ತು ಸಾವಿರ ರೂಪಾಯಿಯ ಸಂಬಳ ಒಂದು ಸಂಘಕ್ಕೆ ತಿಂಗಳಿಗೆ ಆರು ಸಾವಿರ ಮಾತ್ರ ಆಗುತ್ತದೆ. ಸಂಘದ ಮಹಾಸಭೆಯ ಊಟಕ್ಕೆ ಆಗುವ ಖರ್ಚಿನ ಎದುರು ಇದು ದೊಡ್ಡ ಮೊತ್ತವಲ್ಲ. ಸಂಬಳದ ಜತೆಗೆ ಅವನಿಗೆ ಬೆಲೆ ನಿರ್ಧರಿಸುವ ಅಧಿಕಾರ ಕೊಡಬೇಕು, ಮೂರು ವರ್ಷ ಕಾಯುವ ತಾಳ್ಮೆ ಆಡಳಿತ ಮಂಡಳಿಗೆ ಇರಬೇಕು. ಪುತ್ತೂರು, ಸುಳ್ಯದ ಕಾಲೇಜುಗಳು ತಮ್ಮ ವಾಣಿಜ್ಯ ಮತ್ತು ನಿರ್ವಹಣಾ ವಿದ್ಯಾರ್ಥಿಗಳನ್ನು ಒಂದು ಋತುಮಾನವಿಡೀ ಇಂಥ ಸಂಘಗಳಲ್ಲಿ ದುಡಿಸಿದರೆ, ನಗರದ ಕಂಪನಿಯಲ್ಲಿ ಕಾಗದ ತಿರುವುವ ತರಬೇತಿಗಿಂತ ಹೆಚ್ಚು ಕಲಿಯುತ್ತಾರೆ. ಗ್ರಾಮೀಣ ಮಾರುಕಟ್ಟೆಯಲ್ಲೇ ಮುಂದುವರಿಯುವ ಆಸಕ್ತಿ ಇರುವವರಿಗೆ ಆನಂದದಲ್ಲಿ 1979ರಲ್ಲಿ ಸ್ಥಾಪನೆಯಾಗಿ, 2025ರಲ್ಲಿ ತ್ರಿಭುವನ್ ಸಹಕಾರಿ ವಿಶ್ವವಿದ್ಯಾಲಯದ ಭಾಗವಾದ ಇರ್ಮಾ ಇದೆ, ಜೈಪುರದಲ್ಲಿ ಕೃಷಿ ಮಾರುಕಟ್ಟೆಯ ರಾಷ್ಟ್ರೀಯ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ತೋಟ ಬೆಳೆಗಳ ನಿರ್ವಹಣೆಗೇ ಮೀಸಲಾದ ಸಂಸ್ಥೆಯೂ ಇದೆ. ನಮ್ಮ ತಂದೆ ತಾಯಂದಿರಿಗೆ ಇವುಗಳ ಹೆಸರೇ ತಿಳಿದಿಲ್ಲ.

ಮಗ ಅಥವಾ ಮಗಳು ಮಾರ್ಕೆಟಿಂಗ್ ಆರಿಸಿಕೊಂಡರೆ ಭವಿಷ್ಯವಿದೆಯೇ ಎಂದು ಕೇಳುವವರಿಗೆ ನಾನು ಈಗ ಹೇಳುವುದಿಷ್ಟು: ಖಂಡಿತ ಇದೆ. ಸಂಬಳವೂ ಇದೆ, ಗೌರವವೂ ಇದೆ. ಮೊದಲ ಹತ್ತು ವರ್ಷ ಅವರು ಎಲ್ಲಿಗೆ ಬೇಕಾದರೂ ಹೋಗಲಿ, ದೊಡ್ಡ ಕಂಪನಿಗಳ ಶಿಸ್ತನ್ನು ಕಲಿಯಲಿ. ಆದರೆ ಅವರು ಕಲಿತದ್ದು ಊರಿಗೆ ಮರಳಿ ಬರುವಂತಹ ಒಂದು ಕುರ್ಚಿಯನ್ನು ಇಲ್ಲಿ ಸಿದ್ಧಪಡಿಸುವ ಹೊಣೆ ನಮ್ಮದು. 1973ರಲ್ಲಿ ಆ ಕುರ್ಚಿಯನ್ನು ಕಟ್ಟಿದವರು ತೋಟದ ಕೆಲಸದ ನಡುವೆಯೇ ಊರೂರು ಸುತ್ತಿ ಪಾಲು ಬಂಡವಾಳ ಕೂಡಿಸಿದ ಬೆಳೆಗಾರರು. ಐವತ್ತು ವರ್ಷಗಳ ನಂತರ ಅವರ ಮೊಮ್ಮಕ್ಕಳ ಬಳಿ ಪದವಿಗಳಿವೆ, ಅನುಭವವಿದೆ, ಫೋನಿನಲ್ಲಿ ದೇಶದ ಎಲ್ಲ ಮಾರುಕಟ್ಟೆಗಳ ಧಾರಣೆಯಿದೆ. ಮುಂದಿನ ಮಹಾಸಭೆಗಳಲ್ಲಿ ಸದಸ್ಯರು ಡಿವಿಡೆಂಡ್ ಎಷ್ಟೆಂದು ಕೇಳುವ ಜತೆಗೆ, ನಮ್ಮ ಹಣ್ಣನ್ನು ಮಾರಲು ಯಾರನ್ನು ನೇಮಿಸಿದ್ದೀರಿ ಎಂದೂ ಎದ್ದು ನಿಂತು ಕೇಳಬೇಕು.